ಸಾಣೆಕಲ್ಲಿನಿಂದ ಚಿಪ್ ಕಾರ್ಖಾನೆಗೆ: ಚಪ್ಪಟೆ ಮಸೂರಗಳ ಹೊಸ ಉದ್ಯಮ

ಕನ್ನಡಕ, ಕ್ಯಾಮೆರಾ, ಸೂಕ್ಷ್ಮದರ್ಶಕ, ದೂರದರ್ಶಕ – ಉಪಕರಣ ಯಾವುದೇ ಇರಲಿ, ಅದರೊಳಗಿನ ಮಸೂರದ ಬೆಲೆಯನ್ನು ನಿರ್ಧರಿಸುವುದು ಅದರ ಬಾಗು. ಗಾಜನ್ನು ಅರೆದು, ಸಾಣೆ ಹಿಡಿದು, ಮೆರುಗು ಕೊಟ್ಟು ನಿಖರವಾದ ಬಾಗನ್ನು ಪಡೆಯುವ ವಿದ್ಯೆಗೆ ಏಳು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಪ್ಲಾಸ್ಟಿಕ್ ಅಚ್ಚುಗಳು ಬಂದ ಮೇಲೂ ಈ ಮೂಲತತ್ತ್ವ ಬದಲಾಗಲಿಲ್ಲ. ಬಾಗು ಗಾಜಿನಿಂದ ಅಚ್ಚಿಗೆ ವರ್ಗವಾಯಿತು, ಅಷ್ಟೇ. ಈಗ ಬಾಗೇ ಇಲ್ಲದ ಮಸೂರವೊಂದು ಮಾರುಕಟ್ಟೆಯನ್ನು ಪ್ರವೇಶಿಸಿದೆ. ‘ಮೆಟಾಲೆನ್ಸ್’ ಎಂದು ಕರೆಯಲಾಗುವ ಈ ಚಪ್ಪಟೆ ಮಸೂರ ತಯಾರಾಗುವುದು ಗಾಜಿನ ಕಾರ್ಯಾಗಾರದಲ್ಲಲ್ಲ, ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ. ಉಪಕರಣಗಳ ವ್ಯಾಪಾರದಲ್ಲಿ, ಬಿಡಿಭಾಗಗಳ ತಯಾರಿಕೆಯಲ್ಲಿ ತೊಡಗಿರುವವರು ಈ ಸ್ಥಳಾಂತರದ ಅರ್ಥವನ್ನು ತಿಳಿದುಕೊಳ್ಳುವುದು ಅಗತ್ಯ.

ಯೆನಾ ನಗರದ ಪಾಠ

ಮಸೂರ ಉದ್ಯಮ ಇಂಥ ತಿರುವನ್ನು ಹಿಂದೊಮ್ಮೆ ಕಂಡಿದೆ. ಜರ್ಮನಿಯ ಯೆನಾ ನಗರದಲ್ಲಿ 1846ರಲ್ಲಿ ಕಾರ್ಲ್ ಝೈಸ್ ಎಂಬ ಕುಶಲಕರ್ಮಿ ಸಣ್ಣ ಕಾರ್ಯಾಗಾರವನ್ನು ತೆರೆದರು. ಅಂದು ಸೂಕ್ಷ್ಮದರ್ಶಕದ ಮಸೂರಗಳನ್ನು ಹೊಂದಿಸುತ್ತಿದ್ದುದು ಕೈಯ ಅನುಭವದಿಂದ. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟು ನೋಡುವುದೇ ವಿಧಾನವಾಗಿತ್ತು. 1866ರಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಅಬೆ ಅವರ ಜೊತೆಗೂಡಿದರು. 1872ರ ಹೊತ್ತಿಗೆ ಲೆಕ್ಕಾಚಾರದ ಆಧಾರದ ಮೇಲೆ ರೂಪಿಸಿದ ಸೂಕ್ಷ್ಮದರ್ಶಕಗಳು ಹೊರಬಂದವು. 1884ರಲ್ಲಿ ಓಟೊ ಶಾಟ್ ಅವರೊಂದಿಗೆ ಸೇರಿ ಗಾಜಿನ ಪ್ರಯೋಗಾಲಯವೂ ಸ್ಥಾಪನೆಯಾಯಿತು. ಹೀಗೆ ಕುಶಲಕರ್ಮಿ, ವಿಜ್ಞಾನಿ ಹಾಗೂ ಗಾಜಿನ ತಜ್ಞ ಒಂದಾದಾಗ ಊಹೆಯ ಸ್ಥಾನವನ್ನು ಲೆಕ್ಕ ಆಕ್ರಮಿಸಿತು. ಆದರೂ ಸಾಣೆಕಲ್ಲಿಗೆ ಕೆಲಸ ತಪ್ಪಲಿಲ್ಲ. ಇಂದಿನ ಬದಲಾವಣೆಯಲ್ಲಿ ಸಾಣೆಕಲ್ಲೇ ಹೊರಗುಳಿಯುತ್ತದೆ ಎಂಬುದು ಗಮನಾರ್ಹ.

ಬಾಗಿನ ಬದಲು ಕಂಬಗಳು

ಸಾಮಾನ್ಯ ಪೀನ ಮಸೂರದ ನಡುಭಾಗ ದಪ್ಪ, ಅಂಚು ತೆಳು. ಗಾಜಿನಲ್ಲಿ ಬೆಳಕಿನ ವೇಗ ಕಡಿಮೆ. ಆದ್ದರಿಂದ ನಡುವೆ ಹಾದುಹೋಗುವ ಬೆಳಕು ಹೆಚ್ಚು ತಡವಾಗುತ್ತದೆ, ಅಂಚಿನದು ಕಡಿಮೆ ತಡವಾಗುತ್ತದೆ. ಈ ತಡದ ವ್ಯತ್ಯಾಸವೇ ಕಿರಣಗಳನ್ನು ಬಾಗಿಸಿ ಒಂದು ಬಿಂದುವಿನಲ್ಲಿ ಕೂಡಿಸುತ್ತದೆ. ಹಾಗಾದರೆ ದಪ್ಪವನ್ನು ಬದಲಿಸದೆಯೇ ಬೆಳಕನ್ನು ಬೇಕಾದಷ್ಟು ತಡಮಾಡಲು ಸಾಧ್ಯವೇ?

ಸಾಧ್ಯವೆಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫೆಡೆರಿಕೊ ಕಪಾಸೊ ಅವರ ತಂಡ 2011ರಲ್ಲಿ ತೋರಿಸಿತು. ಮರುವರ್ಷ ಅದೇ ತಂಡ ಕೇವಲ 60 ನ್ಯಾನೊಮೀಟರ್ ದಪ್ಪದ ಚಿನ್ನದ ರಚನೆಗಳಿಂದ ಚಪ್ಪಟೆ ಮಸೂರವೊಂದನ್ನು ಮಾಡಿತು. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೊಮೀಟರ್. ಆದರೆ ಆ ಮಸೂರದಲ್ಲಿ ಬಹುಪಾಲು ಬೆಳಕು ಉಪಯೋಗಕ್ಕೆ ಬರುತ್ತಿರಲಿಲ್ಲ. 2016ರಲ್ಲಿ ಚಿನ್ನದ ಬದಲು ಟೈಟಾನಿಯಂ ಡೈಆಕ್ಸೈಡನ್ನು ಬಳಸಿ, ಕಣ್ಣಿಗೆ ಕಾಣುವ ಬೆಳಕಿಗೆ ಒಗ್ಗುವ ಮಸೂರವನ್ನು ರೂಪಿಸಲಾಯಿತು. ಬಣ್ಣದ ವ್ಯಾಪಾರಿಗಳಿಗೆ ಬಿಳಿ ವರ್ಣದ್ರವ್ಯವಾಗಿ ಪರಿಚಿತವಾದ ವಸ್ತುವೇ ಇದು. ಗಾಜಿನ ಹಲಗೆಯ ಮೇಲೆ ಸುಮಾರು 600 ನ್ಯಾನೊಮೀಟರ್ ಎತ್ತರದ ಅಸಂಖ್ಯ ಕಂಬಗಳನ್ನು ನಿಲ್ಲಿಸಿ, ಒಂದೊಂದರ ಅಳತೆ ಅಥವಾ ದಿಕ್ಕನ್ನು ಬದಲಿಸಿದರೆ ಅಲ್ಲಲ್ಲಿ ಬೇಕಾದಷ್ಟು ತಡ ಸಿದ್ಧವಾಗುತ್ತದೆ. ಕಂಬಗಳ ವಿನ್ಯಾಸವೇ ಇಲ್ಲಿ ಬಾಗಿನ ಕೆಲಸವನ್ನು ಮಾಡುತ್ತದೆ.

ಬಣ್ಣದ ತೊಡಕು, ಪದರಗಳ ಪರಿಹಾರ

ಈ ಮಸೂರದ ದೊಡ್ಡ ತೊಡಕು ಬಣ್ಣ. ಒಂದು ಬಣ್ಣಕ್ಕೆ ಹೊಂದಿಸಿದ ಕಂಬ ಮತ್ತೊಂದು ಬಣ್ಣಕ್ಕೆ ಹೊಂದುವುದಿಲ್ಲ. ಗಾಜಿನ ಮಸೂರದಲ್ಲೂ ಬಣ್ಣಗಳು ಬೇರೆ ಬೇರೆ ಬಿಂದುಗಳಲ್ಲಿ ಕೂಡುತ್ತವೆ. ಚಪ್ಪಟೆ ಮಸೂರದಲ್ಲಿ ಈ ದೋಷ ಇನ್ನೂ ತೀವ್ರ. ಮಸೂರದ ಅಗಲ ಹೆಚ್ಚಿದಂತೆ ತೊಡಕೂ ಹೆಚ್ಚುತ್ತದೆ. ಒಂದೇ ಪದರದ ಕಂಬಗಳಿಂದ ಎಲ್ಲ ಬಣ್ಣಗಳನ್ನೂ ಸರಿಪಡಿಸುವ ಸಾಮರ್ಥ್ಯಕ್ಕೆ ಮಿತಿಯಿದೆ.

ಇದಕ್ಕೆ ಉತ್ತರವಾಗಿ ಹಲವು ಪದರಗಳನ್ನು ಒಂದರ ಮೇಲೊಂದು ಜೋಡಿಸುವ ವಿನ್ಯಾಸವನ್ನು ಆಸ್ಟ್ರೇಲಿಯನ್ ನ್ಯಾಷನಲ್ ವಿಶ್ವವಿದ್ಯಾಲಯ ಹಾಗೂ ಯೆನಾದ ಫ್ರೆಡ್ರಿಕ್ ಷಿಲ್ಲರ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದರು. ಝೈಸ್ ಮತ್ತು ಅಬೆ ಅವರ ಊರಿನ ಹೆಸರು ಹೀಗೆ ಮತ್ತೆ ಮಸೂರದ ಚರ್ಚೆಗೆ ಬಂದಿದೆ. ಪದರಗಳ ಆಕಾರಗಳನ್ನು ಹುಡುಕಿದ್ದು ಕಂಪ್ಯೂಟರ್. ದುಂಡಗಿನ ಮೂಲೆಯ ಚೌಕ, ನಾಲ್ಕೆಸಳಿನ ಎಲೆ, ಪಂಖದ ರೆಕ್ಕೆಯಂಥ ರೂಪಗಳು ಅದರಿಂದ ಹೊರಬಂದವು. ಇವುಗಳ ಎತ್ತರ ಸುಮಾರು 300 ನ್ಯಾನೊಮೀಟರ್, ಅಗಲ ಸುಮಾರು 1,000 ನ್ಯಾನೊಮೀಟರ್. ಎತ್ತರ ಕಡಿಮೆ, ಅಗಲ ಹೆಚ್ಚು ಇರುವುದರಿಂದ ತಯಾರಿಕೆ ಸುಲಭವಾಗುತ್ತದೆ. ಪ್ರತಿಯೊಂದು ಪದರವನ್ನೂ ಬೇರೆಯಾಗಿ ಮಾಡಿ ಅನಂತರ ಜೋಡಿಸಬಹುದು. ಆದರೆ ಈ ವಿಧಾನವೂ ಸುಮಾರು ಐದು ತರಂಗದೂರಗಳಿಗೆ, ಅಂದರೆ ಆಯ್ದ ಐದು ಬಣ್ಣಗಳಿಗೆ, ಸೀಮಿತ. ಸೂರ್ಯನ ಬೆಳಕಿನ ಎಲ್ಲ ಬಣ್ಣಗಳನ್ನೂ ಏಕಕಾಲಕ್ಕೆ ನಿಭಾಯಿಸುವ ಕನ್ನಡಕದ ಗಾಜು ಇದರಿಂದ ದೊರೆಯುವುದಿಲ್ಲ.

ತಯಾರಿಕೆಯ ಕ್ರಮ

ಪ್ರಯೋಗಾಲಯದಲ್ಲಿ ಇಂಥ ರಚನೆಗಳನ್ನು ಎಲೆಕ್ಟ್ರಾನ್ ಕಿರಣದಿಂದ ಒಂದೊಂದಾಗಿ ಬರೆಯಲಾಗುತ್ತದೆ. ಇದು ನಿಖರ, ಆದರೆ ನಿಧಾನ, ಹಾಗಾಗಿ ದುಬಾರಿ. ಕಾರ್ಖಾನೆಯ ವಿಧಾನ ಬೇರೆ. ಬೆಳಕಿಗೆ ಸ್ಪಂದಿಸುವ ಲೇಪವನ್ನು ಹಚ್ಚಿದ ಬಿಲ್ಲೆಯ ಮೇಲೆ ಅತಿನೇರಳೆ ಬೆಳಕಿನಿಂದ ಇಡೀ ಚಿತ್ರವನ್ನು ಒಮ್ಮೆಗೇ ಮೂಡಿಸಿ, ಬೇಡದ ಭಾಗವನ್ನು ಕೊರೆದು ತೆಗೆಯಲಾಗುತ್ತದೆ. ಹಾರ್ವರ್ಡ್ ತಂಡ ಈ ಮಾರ್ಗದಿಂದಲೇ 10 ಸೆಂಟಿಮೀಟರ್ ವ್ಯಾಸದ, ಪೂರ್ತಿ ಗಾಜಿನ ಚಪ್ಪಟೆ ಮಸೂರವನ್ನು ಮಾಡಿ 2024ರಲ್ಲಿ ವಿವರಗಳನ್ನು ಪ್ರಕಟಿಸಿತು. ಅದರಲ್ಲಿರುವ ಕಂಬಗಳ ಸಂಖ್ಯೆ 1,870 ಕೋಟಿ; ಅದರ ಮೂಲಕ ಸೂರ್ಯ, ಚಂದ್ರರ ಚಿತ್ರಗಳನ್ನೂ ತೆಗೆಯಲಾಯಿತು.

ಮೂರನೆಯ ಮಾರ್ಗವೆಂದರೆ ಮೊಹರು ಒತ್ತುವಂತೆ ಅಚ್ಚು ಒತ್ತುವುದು. ಒಮ್ಮೆ ನಿಖರವಾದ ಮೂಲ ಅಚ್ಚನ್ನು ಮಾಡಿಕೊಂಡರೆ ಅದರಿಂದ ಅನೇಕ ಪ್ರತಿಗಳನ್ನು ಪಡೆಯಬಹುದು. ದಕ್ಷಿಣ ಕೊರಿಯಾದ ಸಂಶೋಧಕರು ಈ ದಿಕ್ಕಿನಲ್ಲಿ ಗಮನಾರ್ಹ ಕೆಲಸ ಮಾಡಿದ್ದಾರೆ. ಯಾವ ಮಾರ್ಗವಾದರೂ ಲೆಕ್ಕ ಒಂದೇ: ಮೊದಲ ಮಸೂರಕ್ಕೆ ಅಪಾರ ಬಂಡವಾಳ, ಅನಂತರದ ಪ್ರತಿಯೊಂದಕ್ಕೂ ಅಲ್ಪ ವೆಚ್ಚ.

ಮಾರುಕಟ್ಟೆ ಎಲ್ಲಿದೆ?

ಮೊದಲ ಮಾರುಕಟ್ಟೆ ದೊರೆತದ್ದು ಒಂದೇ ತರಂಗದೂರ ಸಾಕಾಗುವ ಕಡೆ. ಮೊಬೈಲ್ ಫೋನುಗಳಲ್ಲಿ ದೂರವನ್ನು ಅಳೆಯುವ ಸಂವೇದಕವು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೊಮ್ಮಿಸಿ, ಅದು ಮರಳಿ ಬರುವ ಕಾಲವನ್ನು ಲೆಕ್ಕ ಹಾಕುತ್ತದೆ. ಬೆಳಕು ಒಂದೇ ಬಗೆಯದಾದ್ದರಿಂದ ಬಣ್ಣದ ತೊಡಕು ಇಲ್ಲಿಲ್ಲ. ಕಪಾಸೊ ಅವರ ಸಂಶೋಧನೆಯ ಆಧಾರದ ಮೇಲೆ 2016ರಲ್ಲಿ ಸ್ಥಾಪನೆಯಾದ ಮೆಟಾಲೆನ್ಝ್ ಕಂಪನಿಯ ತಂತ್ರಜ್ಞಾನವನ್ನು ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ಕಂಪನಿ 2022ರಲ್ಲಿ ಇಂಥ ಸಂವೇದಕಕ್ಕೆ ಅಳವಡಿಸಿತು. 2025ರ ಜುಲೈನಲ್ಲಿ ಎರಡೂ ಕಂಪನಿಗಳು ಹೊಸ ಪರವಾನಗಿ ಒಪ್ಪಂದವನ್ನು ಪ್ರಕಟಿಸಿದಾಗ, ಅಲ್ಲಿಯವರೆಗೆ ಈ ತಂತ್ರಜ್ಞಾನದ 14 ಕೋಟಿಗೂ ಹೆಚ್ಚು ಬಿಡಿಭಾಗಗಳನ್ನು ರವಾನಿಸಿದ್ದಾಗಿ ತಿಳಿಸಿದವು.

ಇಲ್ಲಿ ಎರಡು ಅಂಶಗಳಿವೆ. ಮಸೂರ ಹಾಗೂ ಸಂವೇದಕ ಎರಡೂ ಚಿಪ್ ಕಾರ್ಖಾನೆಯ ಉತ್ಪನ್ನಗಳಾದಾಗ, ನಡುವೆ ಮಸೂರವನ್ನು ಮಾತ್ರ ಮಾರುವವನ ಸ್ಥಾನ ಕಿರಿದಾಗುತ್ತದೆ. ಎರಡನೆಯದಾಗಿ, ಗಳಿಕೆಯ ಒಂದು ಪಾಲು ವಸ್ತುವಿನಿಂದ ಪೇಟೆಂಟಿನ ಕಡೆಗೆ ಸರಿಯುತ್ತದೆ. ಆದರೆ ಕನ್ನಡಕ, ಛಾಯಾಗ್ರಹಣದ ಕ್ಯಾಮೆರಾ ಮುಂತಾದ ಕಡೆಗಳಲ್ಲಿ ಬಾಗಿದ ಮಸೂರಕ್ಕೆ ಸದ್ಯಕ್ಕೆ ಧಕ್ಕೆಯಿಲ್ಲ.

ಕೊಳ್ಳುವ ಮುನ್ನ

‘ಚಪ್ಪಟೆ ಮಸೂರ’ ಎಂಬ ಹೆಸರಿನಿಂದ ವ್ಯಾಪಾರಿಗಳು ಮೋಸಹೋಗಬಾರದು. ಓದಲು ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯ ಭೂತಗನ್ನಡಿಯೂ ಚಪ್ಪಟೆಯೇ. ಅದು 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ದೀಪಸ್ತಂಭಗಳಿಗಾಗಿ ರೂಪಿಸಿದ ಮಸೂರದ ವಂಶದ್ದು. ನ್ಯಾನೊ ರಚನೆಗೂ ಅದಕ್ಕೂ ಸಂಬಂಧವಿಲ್ಲ. ಸರಬರಾಜುದಾರರನ್ನು ನಾಲ್ಕು ಪ್ರಶ್ನೆ ಕೇಳುವುದು ಉಚಿತ. ಮಸೂರ ಯಾವ ಯಾವ ತರಂಗದೂರಗಳಿಗೆ ಹೊಂದುತ್ತದೆ? ಒಳಬಂದ ಬೆಳಕಿನಲ್ಲಿ ಶೇಕಡಾ ಎಷ್ಟು ಸರಿಯಾದ ಬಿಂದುವನ್ನು ತಲುಪುತ್ತದೆ? ಎಷ್ಟು ಕೋನದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ? ಪೇಟೆಂಟ್ ಪರವಾನಗಿ ಯಾರ ಬಳಿ ಇದೆ? ಇವಕ್ಕೆ ಲಿಖಿತ ಉತ್ತರ ದೊರೆಯದ ಸರಕನ್ನು ದಾಸ್ತಾನು ಮಾಡದಿರುವುದೇ ಕ್ಷೇಮ.

ಸಣ್ಣ ಘಟಕಗಳಿಗೆ ಏನಿದೆ?

ಚಿಪ್ ಕಾರ್ಖಾನೆಯನ್ನು ಕಟ್ಟುವುದು ಸಣ್ಣ ಉದ್ಯಮಿಯ ಅಳವಿಗೆ ಮೀರಿದ್ದು. ಆದರೆ ಮಸೂರ ಕಾರ್ಖಾನೆಯಿಂದ ಹೊರಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಬಿಲ್ಲೆಯನ್ನು ಕತ್ತರಿಸಬೇಕು, ಪದರಗಳನ್ನು ಸಾಲು ತಪ್ಪದಂತೆ ಅಂಟಿಸಬೇಕು, ಧೂಳು ಸೋಕದಂತೆ ಕವಚದಲ್ಲಿ ಕೂರಿಸಬೇಕು, ಪರೀಕ್ಷಿಸಬೇಕು. ಇವುಗಳಿಗೆ ಬೇಕಾದ ಹಿಡಿಕೆಗಳು, ಚೌಕಟ್ಟುಗಳು, ಪರೀಕ್ಷಾ ಸಾಧನಗಳು ನಿಖರ ಯಂತ್ರಕೆಲಸದಲ್ಲಿ ಪಳಗಿದ ಘಟಕಗಳ ಕೈಗೆಟುಕುವಂಥವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ನ್ಯಾನೊ ತಯಾರಿಕೆಯ ರಾಷ್ಟ್ರೀಯ ಸೌಲಭ್ಯವಿದ್ದು, ಹೊರಗಿನ ಸಂಶೋಧಕರಿಗೂ ಕೈಗಾರಿಕೆಗಳಿಗೂ ಅದರ ಸೇವೆ ಲಭ್ಯ. ಮಾದರಿಯೊಂದನ್ನು ಮಾಡಿ ನೋಡಬಯಸುವ ಉದ್ಯಮಿ ವಿದೇಶದ ಬಾಗಿಲು ತಟ್ಟುವ ಮೊದಲು ಇಲ್ಲಿ ವಿಚಾರಿಸುವುದು ಲೇಸು.

ಝೈಸ್ ಅವರದೂ ಆರಂಭದಲ್ಲಿ ಸಣ್ಣ ಕಾರ್ಯಾಗಾರವೇ. ಕೈಯ ಅನುಭವ ಸಾಲದು ಎಂಬುದನ್ನು ಕಂಡುಕೊಂಡು, ಲೆಕ್ಕ ಬಲ್ಲವರನ್ನು ಜೊತೆಗೆ ಸೇರಿಸಿಕೊಂಡದ್ದರಿಂದ ಅದು ಬೆಳೆಯಿತು. ಮಸೂರದಿಂದ ಬಾಗು ಮರೆಯಾಗುತ್ತಿರುವ ಈ ಕಾಲದಲ್ಲಿಯೂ ಸಣ್ಣ ಉದ್ಯಮಿಗೆ ತೆರೆದಿರುವ ದಾರಿ ಅದೇ ಆಗಿದೆ.