ತರುಣಿಯರ ಅಂಡಾಶಯದ ಕ್ಯಾನ್ಸರ್ : ತಾಯ್ತನವನ್ನು ಉಳಿಸುವ ಚಿಕಿತ್ಸೆ

ಅಂಡಾಶಯದ ಕ್ಯಾನ್ಸರ್ ಎಂದೊಡನೆ ಗರ್ಭಕೋಶವನ್ನೂ ಎರಡು ಅಂಡಾಶಯಗಳನ್ನೂ ತೆಗೆಯಲೇಬೇಕೆಂಬ ಭಾವನೆ ಜನರಲ್ಲಿ ಬೇರೂರಿದೆ. ಐವತ್ತು ದಾಟಿದ ಸ್ತ್ರೀಯರಲ್ಲಿ ಸಾಮಾನ್ಯವಾಗಿ ಕಂಡುಬರುವ ರೋಗಕ್ಕೆ ಈ ಕ್ರಮ ಯುಕ್ತವಾದುದೇ. ಆದರೆ ಹದಿಹರೆಯದವರಲ್ಲಿಯೂ ಇಪ್ಪತ್ತರ ಆಸುಪಾಸಿನ ತರುಣಿಯರಲ್ಲಿಯೂ ತಲೆದೋರುವ ರೋಗ ಅನೇಕ ವೇಳೆ ಬೇರೆಯೇ ಜಾತಿಯದು. ಅದಕ್ಕೂ ಇದೇ ಕ್ರಮವನ್ನು ಅನ್ವಯಿಸಿದರೆ, ಉಳಿಸಬಹುದಾಗಿದ್ದ ತಾಯ್ತನ ನಿಷ್ಕಾರಣವಾಗಿ ನಷ್ಟವಾಗುತ್ತದೆ.

ಅಂಡಗಳಿಗೆ ಮೂಲವಾದ ಜೀವಕೋಶಗಳಿಂದಲೇ ಹುಟ್ಟುವ ಈ ವಿರಳವಾದ ಗಡ್ಡೆಗಳಿಗೆ ವೈದ್ಯರು ‘ಜರ್ಮ್ ಸೆಲ್’ ಗಡ್ಡೆಗಳೆಂದು ಹೆಸರಿಟ್ಟಿದ್ದಾರೆ. ಇವುಗಳಿಗೆ ಎರಡು ಲಕ್ಷಣಗಳುಂಟು. ಮೊದಲನೆಯದಾಗಿ, ಇವು ಸಾಮಾನ್ಯವಾಗಿ ಒಂದೇ ಅಂಡಾಶಯದಲ್ಲಿರುತ್ತವೆ. ಡಿಸ್‌ಜರ್ಮಿನೋಮ ಎಂಬ ಪ್ರಭೇದ ಮಾತ್ರ 100ರಲ್ಲಿ 10–15 ಮಂದಿಯಲ್ಲಿ ಎರಡೂ ಕಡೆ ಕಾಣಿಸಬಹುದು. ಎರಡನೆಯದಾಗಿ, ಇವು ಔಷಧಿಗೆ ಚೆನ್ನಾಗಿ ಮಣಿಯುತ್ತವೆ.

ಔಷಧಿಯಿಂದಲೇ ಗಡ್ಡೆಯ ರೂಪದ ಕ್ಯಾನ್ಸರನ್ನು ಗೆಲ್ಲಬಹುದೆಂಬ ಭರವಸೆ ಹುಟ್ಟಿದುದೂ ಸ್ತ್ರೀರೋಗ ಕ್ಷೇತ್ರದಲ್ಲಿಯೇ. ಗರ್ಭದ ಮಾಸಿನ ಜೀವಕೋಶಗಳಿಂದ ಹುಟ್ಟುವ ಕೋರಿಯೋಕಾರ್ಸಿನೋಮ ರೋಗವು ಮೆಥೊಟ್ರೆಕ್ಸೇಟ್ ಔಷಧಿಗೆ ಮಣಿಯುವುದನ್ನು ಅಮೆರಿಕದ ಮಿನ್ ಚಿಯು ಲಿ, ರಾಯ್ ಹರ್ಟ್ಸ್ ಮೊದಲಾದವರು 1956ರಲ್ಲಿ ಪ್ರಕಟಿಸಿದರು. ಮುಂದೆ ಸಿಸ್‌ಪ್ಲಾಟಿನ್ ಬಳಕೆಗೆ ಬಂದು, ಜರ್ಮ್ ಸೆಲ್ ಗಡ್ಡೆಗಳ ಚಿಕಿತ್ಸೆಯ ದಿಕ್ಕೇ ಬದಲಾಯಿತು.

ಈಗಿನ ಕ್ರಮ ಹೀಗಿದೆ. ರೋಗ ತಗುಲಿದ ಅಂಡಾಶಯವನ್ನು, ಅದೇ ಕಡೆಯ ಅಂಡನಾಳದೊಡನೆ, ಗಡ್ಡೆ ಒಡೆಯದಂತೆ ತೆಗೆಯುತ್ತಾರೆ. ಹೊಟ್ಟೆಯ ಇತರ ಭಾಗಗಳನ್ನು ಪರೀಕ್ಷಿಸುತ್ತಾರೆ. ಗರ್ಭಕೋಶವನ್ನೂ ಆರೋಗ್ಯವಾಗಿ ಕಾಣುವ ಇನ್ನೊಂದು ಅಂಡಾಶಯವನ್ನೂ ಉಳಿಸುತ್ತಾರೆ. ರೋಗ ಹರಡಿದ್ದರೂ ಅನೇಕ ಸಂದರ್ಭಗಳಲ್ಲಿ ಇದು ಸಾಧ್ಯ. ಬಳಿಕ ಅಗತ್ಯವಿದ್ದವರಿಗೆ ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಔಷಧಿಗಳನ್ನು ಮೂರು ವಾರಗಳಿಗೊಮ್ಮೆಯಂತೆ ಸಾಮಾನ್ಯವಾಗಿ 3 ಅಥವಾ 4 ಸಲ ಕೊಡುತ್ತಾರೆ. ಶ್ವಾಸಕೋಶ, ಮೂತ್ರಪಿಂಡ, ಶ್ರವಣಶಕ್ತಿಗಳ ಮೇಲೆ ಇವು ದುಷ್ಪರಿಣಾಮ ಬೀರಬಹುದಾದ್ದರಿಂದ ಎಚ್ಚರ ಅವಶ್ಯ. ಆರಂಭದ ಹಂತದಲ್ಲಿ ಚಿಕಿತ್ಸೆ ದೊರೆತರೆ 100ರಲ್ಲಿ 90ಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. ಹೆಚ್ಚಿನವರಲ್ಲಿ ಮುಟ್ಟು ಮರಳುತ್ತದೆ. ಅನೇಕರು ಮುಂದೆ ಆರೋಗ್ಯವಂತ ಮಕ್ಕಳನ್ನು ಹಡೆದಿದ್ದಾರೆ.

ಅಪಾಯವಿರುವುದು ಅವಸರದಲ್ಲಿ. ಈ ಗಡ್ಡೆಗಳು ಕೆಲವೇ ವಾರಗಳಲ್ಲಿ ಬೆಳೆದು ಹೊಟ್ಟೆಯನ್ನು ಉಬ್ಬಿಸಬಹುದು. ಅಂಡಾಶಯ ತಿರುಚಿಕೊಂಡರೆ ಅಪೆಂಡಿಸೈಟಿಸಿನಂತಹ ತೀವ್ರ ನೋವು ಬರಬಹುದು. ಮಹಾನಗರದಲ್ಲಿ ಹಿರಿಯರ ಆಸರೆಯಿಲ್ಲದ ಸಂಸಾರವು ನಡುರಾತ್ರಿ ಹತ್ತಿರದ ನರ್ಸಿಂಗ್ ಹೋಮಿಗೆ ಧಾವಿಸಿ, ಗಾಬರಿಯಲ್ಲಿ ಒಪ್ಪಿಗೆಪತ್ರಕ್ಕೆ ಸಹಿ ಹಾಕುವುದು ಅಸಹಜವೇನಲ್ಲ. ಅಂತಹ ವೇಳೆಯಲ್ಲಿ ನೆನಪಿಡಬೇಕಾದ ಮಾತು ಒಂದೇ: ಉಳಿಸಿದುದನ್ನು ಅಗತ್ಯ ಬಿದ್ದರೆ ಮುಂದೆ ತೆಗೆಯಬಹುದು, ತೆಗೆದುದನ್ನು ಮರಳಿ ಇಡಲಾಗದು. ತುರ್ತು ಶಸ್ತ್ರಕ್ರಿಯೆ ಅನಿವಾರ್ಯವಾದರೂ, ರೋಗ ತಗುಲಿದ ಭಾಗವನ್ನಷ್ಟೇ ತೆಗೆದು ಪ್ರಯೋಗಶಾಲೆಯ ವರದಿಗಾಗಿ ಕಾಯಲು ಸಾಮಾನ್ಯವಾಗಿ ಅವಕಾಶವಿರುತ್ತದೆ.

ತುರ್ತಿಲ್ಲದಿದ್ದರೆ ಶಸ್ತ್ರಕ್ರಿಯೆಗೆ ಮುನ್ನವೇ ಆಲ್ಫಾ ಫೀಟೋಪ್ರೋಟೀನ್, ಎಚ್‌ಸಿಜಿ, ಎಲ್‌ಡಿಎಚ್ ಎಂಬ ರಕ್ತಪರೀಕ್ಷೆಗಳನ್ನು ಮಾಡಿಸಬೇಕು. ಮುಂದೆ ರೋಗ ಮರುಕಳಿಸಿತೇ ಎಂಬುದನ್ನು ಅರಿಯಲೂ ಇವು ನೆರವಾಗುತ್ತವೆ. 1941ರಲ್ಲಿ ಆರಂಭವಾದ ಮುಂಬಯಿಯ ಟಾಟಾ ಮೆಮೋರಿಯಲ್, 1954ರ ಚೆನ್ನೈ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ, 1973ರ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳಂತಹ ಕೇಂದ್ರಗಳ ತಜ್ಞರ ಅಭಿಪ್ರಾಯ ಪಡೆಯುವುದು ಶ್ರೇಯಸ್ಕರ.

ಎಲ್ಲ ಕ್ಯಾನ್ಸರುಗಳಲ್ಲಿಯೂ ಇಂತಹ ಚಿಕಿತ್ಸೆ ಸಾಧ್ಯವಿಲ್ಲ. ಪ್ರಾಣರಕ್ಷಣೆಯೇ ಮೊದಲ ಗುರಿ. ಆದರೆ ಸಾಧ್ಯವಿದೆಯೇ ಎಂದು ಕೇಳುವ ಹಕ್ಕು ರೋಗಿಗಿದೆ. ತಂದೆತಾಯಿಗಳೂ ಪತಿಯೂ ತೀರ್ಮಾನಕ್ಕೆ ಬರುವ ಮೊದಲು, ಆ ತರುಣಿಗೆ ವಿಷಯವನ್ನು ತಿಳಿಸಿ ಆಕೆಯ ಇಚ್ಛೆಯನ್ನು ಕೇಳಬೇಕು. ಗುಣಹೊಂದಿದ ಮೇಲೆ ಬಹುಕಾಲ ಬಾಳಬೇಕಾದವಳು ಆಕೆಯೇ ಅಲ್ಲವೇ?