ಒಂದೇ ಟ್ಯಾಂಕಿನಲ್ಲಿ ಎರಡು ಜಾತಿಯ ‘ನೀಮೋ’: ದುಡ್ಡು ಹಾಕುವ ಮೊದಲು ತಿಳಿದಿರಬೇಕಾದದ್ದು

2003ರಲ್ಲಿ ‘ಫೈಂಡಿಂಗ್ ನೀಮೋ’ ಸಿನೆಮಾ ಬಂದ ಮೇಲೆ ಕ್ಲೌನ್ ಮೀನು ಎಂದರೆ ಯಾರೆಂದು ಮಕ್ಕಳಿಗೂ ಗೊತ್ತು. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. ದುಬೈಯ ಮಾಲ್‌ನಲ್ಲೋ ಜಿದ್ದಾದ ಸ್ನೇಹಿತನ ಮನೆಯಲ್ಲೋ ಉಪ್ಪುನೀರಿನ ಟ್ಯಾಂಕ್ ನೋಡಿ ಬಂದವರಿಗೆ ಊರಲ್ಲೂ ಒಂದು ಮಾಡಬೇಕು ಅಂತ ಆಸೆ ಹುಟ್ಟುವುದು ಸಹಜ. ಟ್ಯಾಂಕ್ ತಯಾರಾದ ಕೂಡಲೇ ಮುಂದಿನ ಆಸೆ ಶುರುವಾಗುತ್ತದೆ: ಕಿತ್ತಳೆಯದ್ದು ಎರಡು, ಕಡುಗೆಂಪು ಮರೂನ್ ಒಂದು, ಟೊಮೆಟೊ ಕ್ಲೌನ್ ಒಂದು. ಎಲ್ಲವೂ ಕ್ಲೌನ್ ಮೀನೇ ಅಲ್ವಾ, ಒಟ್ಟಿಗೆ ಇರುವುದಿಲ್ಲವೇ?

ಹೆಚ್ಚಿನ ಮನೆಗಳ ಟ್ಯಾಂಕಿನ ಮಟ್ಟಿಗೆ ಉತ್ತರ: ಇರುವುದಿಲ್ಲ.

ಅಂಗಡಿಯಲ್ಲಿ ಮಾತ್ರ ಇವು ಒಟ್ಟಿಗೆ ಇರುವುದು ಕಾಣುತ್ತದೆ. ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತು ಮೀನು, ಜಗಳವೇ ಇಲ್ಲ. ಅದನ್ನು ನೋಡಿಯೇ ಗಿರಾಕಿ ಮೋಸ ಹೋಗುವುದು. ಅಲ್ಲಿರುವುದೆಲ್ಲ ಮರಿಗಳು. ಅಷ್ಟು ಇಕ್ಕಟ್ಟಿನಲ್ಲಿ ಯಾವ ಮೀನಿಗೂ ‘ಇದು ನನ್ನ ಜಾಗ’ ಎನ್ನಲು ಆಗುವುದಿಲ್ಲ, ಹೊಡೆತ ಬಿದ್ದರೂ ಅದು ಒಂದರ ಮೇಲೆಯೇ ಬೀಳದೆ ಹಂಚಿ ಹೋಗುತ್ತದೆ. ಅದೇ ಮೀನು ಮನೆಯ ಟ್ಯಾಂಕಿಗೆ ಬಂದು, ಒಂದು ಮೂಲೆ ಹಿಡಿದು, ವರ್ಷ ಒಂದೂವರೆ ವರ್ಷದಲ್ಲಿ ಪ್ರಾಯಕ್ಕೆ ಬಂದಾಗ ನಿಜವಾದ ಸ್ವಭಾವ ಹೊರಗೆ ಬರುತ್ತದೆ.

ಆ ಸ್ವಭಾವದ ಬೇರು ಇರುವುದು ಈ ಮೀನಿನ ಸಂಸಾರದಲ್ಲಿ. ಕ್ಲೌನ್ ಮೀನು ಹುಟ್ಟುವಾಗ ಯಾವುದೂ ಹೆಣ್ಣಲ್ಲ. ಗುಂಪಿನಲ್ಲಿ ಅತಿ ದೊಡ್ಡದಾಗಿ, ಜೋರಾಗಿ ಬೆಳೆದದ್ದು ಹೆಣ್ಣಾಗಿ ಬದಲಾಗುತ್ತದೆ. ಎರಡನೆಯದು ಅದರ ಗಂಡು. ಉಳಿದವು ಸಾಲಿನಲ್ಲಿ ಕಾಯುವ ಮರಿಗಳ ಹಾಗೆ, ಮೊಟ್ಟೆಯ ಕೆಲಸದಲ್ಲಿ ಅವುಗಳಿಗೆ ಪಾಲಿಲ್ಲ. ಹೆಣ್ಣು ಸತ್ತರೆ ಗಂಡು ಹೆಣ್ಣಾಗುತ್ತದೆ, ಮೂರನೆಯದು ಗಂಡಿನ ಜಾಗಕ್ಕೆ ಏರುತ್ತದೆ. ಕೆಳಗಿನ ಮೀನುಗಳು ಮೇಲಿನವಕ್ಕೆ ಬೆದರಿಕೆಯಾಗದಂತೆ ತಮ್ಮ ಬೆಳವಣಿಗೆಯನ್ನೇ ತಡೆದುಕೊಳ್ಳುತ್ತವೆ ಎಂದು ಪೀಟರ್ ಬಸ್ಟನ್ ಎಂಬ ವಿಜ್ಞಾನಿ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಅಂಗಡಿಯ ಯಜಮಾನನ ಎದುರು ಕೆಲಸದ ಹುಡುಗ ತಗ್ಗಿ ನಿಲ್ಲುವ ಹಾಗೆ ಅಂತ ಇಟ್ಟುಕೊಳ್ಳಿ. ಗಂಡು ಹೆಣ್ಣಾಗಬಹುದು, ಆದರೆ ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ಆದ್ದರಿಂದ ಬೆಳೆದ ಎರಡು ಹೆಣ್ಣುಗಳನ್ನು ಒಂದು ಸಣ್ಣ ಟ್ಯಾಂಕಿಗೆ ಬಿಟ್ಟರೆ ರಾಜಿಗೆ ದಾರಿಯೇ ಉಳಿಯುವುದಿಲ್ಲ, ಸಾಮಾನ್ಯವಾಗಿ ಒಂದು ಸಾಯುತ್ತದೆ. ಇದು ಒಂದೇ ಜಾತಿಯೊಳಗಿನ ಮಾತು.

ಹಾಗಾದರೆ ಬೇರೆ ಜಾತಿಯ ಮೀನನ್ನು ಕಂಡರೆ? ಜಪಾನಿನ ಒಕಿನಾವಾದಲ್ಲಿ ನಡೆದ, 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕುತೂಹಲದ್ದು. ಒಸೆಲ್ಲಾರಿಸ್ ಜಾತಿಯ, ಅಂದರೆ ನೀಮೋ ಜಾತಿಯ, ಮರಿಗಳ ಎದುರು ಬೇರೆ ಬೇರೆ ಕ್ಲೌನ್ ಮೀನುಗಳನ್ನು ಸಣ್ಣ ಪೆಟ್ಟಿಗೆಯಲ್ಲಿಟ್ಟು ನೋಡಿದರು. ಅವು ಹೆಚ್ಚು ಮೇಲೆರಗಿದ್ದು ತಮ್ಮದೇ ಜಾತಿಯ ಮೂರು ಪಟ್ಟೆಯವರ ಮೇಲೆ. ಮೈಮೇಲೆ ಅಡ್ಡಪಟ್ಟೆಯೇ ಇಲ್ಲದ ಜಾತಿಯನ್ನು ಕಂಡು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಬಣ್ಣ ಬಳಿದ ಪ್ಲಾಸ್ಟಿಕ್ ಬಿಲ್ಲೆ ಇಟ್ಟಾಗಲೂ ಪಟ್ಟೆ ಹೆಚ್ಚಿದ ಹಾಗೆ ಸಿಟ್ಟು ಹೆಚ್ಚಿತು. ಮೀನು ಪಟ್ಟೆ ಎಣಿಸುತ್ತದೆ ಎಂದು ಅವರ ತೀರ್ಮಾನ. ಲೆಕ್ಕ ಸರಿಯಾಗಿಯೇ ಉಂಟು: ಮನೆಗೂ ಜೋಡಿಗೂ ಕನ್ನ ಹಾಕಬಲ್ಲವನು ಸ್ವಂತ ಜಾತಿಯವನೇ ತಾನೇ.

ಇದನ್ನು ಓದಿ ‘ಹಾಗಾದರೆ ಬೇರೆ ಜಾತಿ ಹಾಕಿದರೆ ಜಗಳವಿಲ್ಲ’ ಎಂದು ಹೊರಟರೆ ಎಡವಟ್ಟು. ಕಡಲಿನಲ್ಲಿ ಓಡಲು ಜಾಗ ಉಂಟು. ಇಂಡೋನೇಷ್ಯಾ, ಪಪುವಾ ನ್ಯೂಗಿನಿಯ ಕಡಲಲ್ಲಿ ಒಂದೇ ಅನಿಮೋನ್‌ನಲ್ಲಿ (ಕ್ಲೌನ್ ಮೀನು ವಾಸಿಸುವ ಹೂವಿನಂಥ ಕಡಲ ಜೀವಿ) ಎರಡು ಜಾತಿ ಇರುವುದೂ ಉಂಟು. ಆದರೆ ಅಲ್ಲಿ ಬಿಸಿ ತಟ್ಟಿದರೆ ಮೀನು ದೂರ ಸರಿಯಬಹುದು. ಮೂರು ಅಡಿ ಟ್ಯಾಂಕಿನಲ್ಲಿ ಎಲ್ಲಿಗೆ ಸರಿಯುವುದು? ಅಲ್ಲಿ ಒಂದು ಜೋಡಿಯ ಗಡಿ ಎಂದರೆ ಇಡೀ ಟ್ಯಾಂಕ್.

ಎಲ್ಲ ಜಾತಿಯ ಸಿಟ್ಟೂ ಒಂದೇ ಅಲ್ಲ. ಒಸೆಲ್ಲಾರಿಸ್ ಇವುಗಳಲ್ಲಿ ಸಾಧು. ನೋಡಲು ಅದರ ಅವಳಿಯಂತೆ ಇರುವ ಪರ್ಕ್ಯುಲಾ ಅದಕ್ಕಿಂತ ಸ್ವಲ್ಪ ಖಾರ. ಬೆನ್ನಿನ ಮೇಲೆ ಬಿಳಿ ಗೆರೆಯಿರುವ ಸ್ಕಂಕ್ ಕ್ಲೌನ್‌ಗಳು ಮೆತ್ತಗಿನವು, ಹೆಚ್ಚಾಗಿ ಪೆಟ್ಟು ತಿನ್ನುವ ಪಾರ್ಟಿ. ಟೊಮೆಟೊ, ಸಿನಮನ್, ಕ್ಲಾರ್ಕಿ ಇವು ಜೋರಿನವು. ಎಲ್ಲಕ್ಕಿಂತ ಮೇಲೆ ಮರೂನ್. ಅದರ ಹೆಣ್ಣು 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಕೆನ್ನೆಯಲ್ಲಿ ಮುಳ್ಳು ಬೇರೆ. ಟ್ಯಾಂಕ್ ಶುಚಿ ಮಾಡಲು ಕೈ ಹಾಕಿದ ಯಜಮಾನನನ್ನೇ ಕಚ್ಚುವ ಮೀನು, ಎಂಟು ಸೆಂಟಿಮೀಟರಿನ ಒಸೆಲ್ಲಾರಿಸನ್ನು ಬಿಡುತ್ತದೆಯೇ? ಜಿದ್ದಾದಲ್ಲಿರುವವರು ಅಲ್ಲಿ ನೋಡುವ ಕೆಂಪು ಸಮುದ್ರದ ಎರಡು ಪಟ್ಟೆಯ ಕ್ಲೌನ್ ಕೂಡ ಜೋರಿನವರ ಸಾಲಿಗೇ ಸೇರಿದ್ದು.

ಒಸೆಲ್ಲಾರಿಸ್ ಮತ್ತು ಪರ್ಕ್ಯುಲಾ ಮರಿಗಳನ್ನು ಒಟ್ಟಿಗೆ ಬಿಟ್ಟರೆ ಜೋಡಿಯಾಗುವುದುಂಟು, ಮಿಶ್ರತಳಿಯೂ ಬರುತ್ತದೆ. ಅಷ್ಟು ಬಿಟ್ಟರೆ ಬೇರೆ ಜಾತಿಗಳನ್ನು ಸೇರಿಸಲೇಬೇಕು ಎನ್ನುವವರಿಗೆ ಆರು ಅಡಿಯ ಟ್ಯಾಂಕಾದರೂ ಬೇಕು. ಎರಡು ತುದಿಯಲ್ಲಿ ಕಲ್ಲಿನ ಬೇರೆ ಬೇರೆ ಗುಡ್ಡೆ ಮಾಡಿ, ನಡುವೆ ಒಂದಕ್ಕೊಂದು ಕಾಣದ ಹಾಗೆ ತಡೆ ಇರಬೇಕು. ಎಲ್ಲವನ್ನೂ ಮರಿಯಿರುವಾಗ ಒಂದೇ ದಿನ ಬಿಡಬೇಕು. ಹಳೆ ಜೋಡಿ ಇರುವಲ್ಲಿಗೆ ಹೊಸಬನನ್ನು ತಂದು ಬಿಡುವುದು ಅತಿ ಕೆಟ್ಟ ಕ್ರಮ. ಇಷ್ಟೆಲ್ಲ ಮಾಡಿಯೂ ಎರಡು ವರ್ಷ ಸುಮ್ಮನಿದ್ದ ಮೀನು ಒಂದು ಬೆಳಗ್ಗೆ ಎದುರಿನದ್ದರ ರೆಕ್ಕೆ ಹರಿದಿಟ್ಟಿರಬಹುದು.

ಬಣ್ಣ ಬೇರೆ ಬೇರೆ ಬೇಕು ಎನ್ನುವುದಷ್ಟೇ ಆಸೆಯಾದರೆ ಸುಲಭ ದಾರಿ ಇದೆ. ಕಪ್ಪು ಒಸೆಲ್ಲಾರಿಸ್, ‘ಸ್ನೋಫ್ಲೇಕ್’ ಒಸೆಲ್ಲಾರಿಸ್ ಎಂದು ಬೇರೆ ಹೆಸರು, ಬೇರೆ ರೇಟಿನಲ್ಲಿ ಮಾರುವುದೆಲ್ಲ ಒಂದೇ ಜಾತಿಯ ಬಣ್ಣಗಳು. ಕಿತ್ತಳೆಯದ್ದೊಂದು, ಕಪ್ಪಿನದ್ದೊಂದು ತಂದರೆ ಕಣ್ಣಿಗೂ ಚಂದ, ಜೋಡಿಯೂ ಆಗುತ್ತದೆ. ಒಂದು ಸ್ವಲ್ಪ ದೊಡ್ಡದು, ಇನ್ನೊಂದು ಸಣ್ಣದು ಇರುವ ಹಾಗೆ ಆರಿಸಬೇಕು. ಯಾರು ಮೇಲೆ ಎನ್ನುವ ತಕರಾರು ಅಲ್ಲಿಗೇ ಮುಗಿಯುತ್ತದೆ. ಹ್ಯಾಚರಿಯಲ್ಲಿ ಹುಟ್ಟಿದ ಮರಿ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಕೇರಳದ ವಿಳಿಂಜಂನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡುವ ವಿಧಾನವನ್ನು ಸಿದ್ಧಪಡಿಸಿದ್ದಾರೆ. ಅಂಥ ಮರಿಗಳಿಗೆ ಅನಿಮೋನ್ ಕೂಡ ಬೇಡ. ಟ್ಯಾಂಕಿನ ಅಂದಕ್ಕೆಂದು ಲಕ್ಷದ್ವೀಪದ ಕಡೆಯಿಂದ ಯಾರಾದರೂ ಹವಳದ ತುಂಡು ತಂದುಕೊಡುತ್ತೇನೆಂದರೆ ಮಾತ್ರ ಬೇಡ ಎನ್ನಬೇಕು. 2001ರಿಂದ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿವೆ. ಹುಲಿಗೆ ಇರುವ ರಕ್ಷಣೆ ಅದಕ್ಕೂ ಇದೆ.

ಇನ್ನು ಲೆಕ್ಕದ ಮಾತು. 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಅಂದರೆ ಸುಮಾರು 243 ಲೀಟರ್. ಲೀಟರಿಗೆ 35 ಗ್ರಾಂ ಉಪ್ಪಿನಂತೆ ಮೊದಲ ಭರ್ತಿಗೇ ಎಂಟೂವರೆ ಕಿಲೋ ಅಕ್ವೇರಿಯಂ ಉಪ್ಪು ಬೇಕು. ಅಡುಗೆ ಉಪ್ಪು ಆಗುವುದಿಲ್ಲ. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ತಿಂಗಳಿಗೆ ಇನ್ನೂ ಮೂರೂವರೆ ಕಿಲೋದಷ್ಟು. ಮೀನು ಬಿಡುವ ಮೊದಲು ನಾಲ್ಕರಿಂದ ಆರು ವಾರ ಟ್ಯಾಂಕ್ ಖಾಲಿ ಓಡಬೇಕು, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಇಳಿಯಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಕಡಿಮೆಯಾದದ್ದಕ್ಕೆ ತುಂಬಿಸಬೇಕಾದದ್ದು ಸಿಹಿನೀರು. ಹೊಸಬರು ಇಲ್ಲಿ ಉಪ್ಪುನೀರು ಸುರಿದು ಮೀನು ಕಳೆದುಕೊಳ್ಳುತ್ತಾರೆ. ಉಪ್ಪಳ, ಉಳ್ಳಾಲದ ಕಡಲಿಂದಲೇ ನೀರು ತಂದರಾಯಿತಲ್ಲ ಎನ್ನುವವರಿಗೆ ಹೇಳಬೇಕಾದದ್ದು: ದಡದ ನೀರಿನಲ್ಲಿ ದೋಣಿಯ ಎಣ್ಣೆ, ಕೆಸರು, ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಎಲ್ಲ ಸೇರಿರುತ್ತದೆ. ಕರಾವಳಿಯ ಬೇಸಿಗೆಯಲ್ಲಿ ಸಮಸ್ಯೆ ಚಳಿಯದ್ದಲ್ಲ, ಸೆಕೆಯದ್ದು. ನೀರು 24ರಿಂದ 28 ಡಿಗ್ರಿಯೊಳಗೆ ಇರಬೇಕಾದರೆ ಮೇಲೊಂದು ಫ್ಯಾನ್ ಬೇಕು. ಮಳೆಗಾಲಕ್ಕೆ ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಬೇಕು.

ಇಷ್ಟು ಖರ್ಚು ಮಾಡಿ ಮರೂನ್‌ಗೂ ಒಸೆಲ್ಲಾರಿಸ್‌ಗೂ ಕುಸ್ತಿ ಇಡುವುದಕ್ಕಿಂತ ಎರಡು ಸಣ್ಣ ಟ್ಯಾಂಕ್ ಮಾಡುವುದು ವ್ಯಾಪಾರದ ಬುದ್ಧಿಗೂ ಸರಿ. ಸರಿಯಾಗಿ ನೋಡಿಕೊಂಡರೆ ಕ್ಲೌನ್ ಮೀನು ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಬೆಕ್ಕನ್ನು ಕೂಡಿಹಾಕಿ ಅನ್ನ ಕೊಡದೆ ಸಾಯಿಸಿದ ಹೆಂಗಸಿನ ಹದೀಸ್ ಮದ್ರಸದಲ್ಲಿ ಕೇಳದವರು ಯಾರು? ಗಾಜಿನೊಳಗೆ ಕೂಡಿಹಾಕಿದ ಮೀನಿನ ಹೊಣೆಯೂ ಕೂಡಿಹಾಕಿದವರದ್ದೇ.

ಜಗಳ ಶುರುವಾಗಿದೆಯೇ ಎಂದು ನೋಡುವುದು ಕಷ್ಟವಲ್ಲ. ಒಂದು ಮೀನು ಇನ್ನೊಂದರ ಎದುರು ಮೈ ನಡುಗಿಸಿ ವಾಲಿದರೆ ಹೆದರಬೇಕಾಗಿಲ್ಲ, ಅದು ‘ನೀನೇ ದೊಡ್ಡವ’ ಎಂದು ಒಪ್ಪಿಕೊಳ್ಳುವ ಕ್ರಮ. ರೆಕ್ಕೆ ಹರಿದಿದ್ದರೆ, ಒಂದು ಮೀನು ಮೇಲಿನ ಮೂಲೆಯಲ್ಲಿ ಅಥವಾ ಫಿಲ್ಟರಿನ ಹಿಂದೆ ಅಡಗಿ ಆಹಾರಕ್ಕೂ ಬಾರದಿದ್ದರೆ ಅದೇ ದಿನ ಬೇರೆ ಮಾಡಬೇಕು. ‘ನಾಳೆ ಸರಿಯಾದೀತು’ ಎಂದು ಬಿಟ್ಟರೆ ಬೆಳಗ್ಗೆ ತೇಲುತ್ತಿರುತ್ತದೆ. ಅದಕ್ಕೆಂದು ಒಂದು ಸಣ್ಣ ಟ್ಯಾಂಕ್ ಅಥವಾ ತೂತಿರುವ ಪ್ಲಾಸ್ಟಿಕ್ ಪೆಟ್ಟಿಗೆ ಮೊದಲೇ ಮನೆಯಲ್ಲಿರಲಿ. ‘ಹೊಂದಿಕೊಳ್ಳದಿದ್ದರೆ ವಾಪಸ್ ತಕೊಳ್ತೀರಾ?’ ಎಂದು ಮೀನು ಕೊಳ್ಳುವಾಗಲೇ ಅಂಗಡಿಯವರ ಹತ್ತಿರ ಮಾತಾಡಿಕೊಂಡಿರಲಿ. ಬೇಡವಾದ ಮೀನನ್ನು ಕಡಲಿಗೆ ಬಿಟ್ಟುಬಿಡುವ ಯೋಚನೆ ಮಾತ್ರ ಬೇಡ. ಅಂಗಡಿಯ ಒಸೆಲ್ಲಾರಿಸ್, ಮರೂನ್ ನಮ್ಮ ದಡದ ಮೀನುಗಳಲ್ಲ, ಅಡಗಲು ಅನಿಮೋನ್ ಇಲ್ಲದ ಮರಳು ದಡದಲ್ಲಿ ಅವು ಒಂದು ಹೊತ್ತೂ ಉಳಿಯಲಾರವು.