ಮಂಡಿ ತೊಳೆಸಿಕೊಂಡ ದೊಡ್ಡಮ್ಮ

ಮುಂಬಯಿಯ ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಮಗಳ ಮನೆಯಲ್ಲಿರುವ ದೊಡ್ಡಮ್ಮ ಎರಡು ಮಹಡಿ ಹತ್ತಿ ಬಂದರು. ಕಂಬಿ ಹಿಡಿಯಲಿಲ್ಲ. ಕುಳಿತವರೇ ಸೀರೆ ಸ್ವಲ್ಪ ಸರಿಸಿ ಎಡ ಮಂಡಿ ತೋರಿಸಿದರು. ನಡುವೆ ಗೇಣುದ್ದದ ಗೆರೆ. ಅದು ಮಂಡಿ ಬದಲಿಸಿದ ಗುರುತು. ಅಕ್ಕಪಕ್ಕ ಕಡಲೆಕಾಳಿನಷ್ಟೇ ಇರುವ ಹಳೆಯ ಕಲೆಗಳು.

‘ಇದು ದುರ್ಬೀನ್ ಆಪರೇಷನ್ ಮಾರಾಯ. 2004ರಲ್ಲಿ. ಒಳಗೆ ನೀರು ಬಿಟ್ಟು ತೊಳೆದರು. ಒಂದು ವರ್ಷ ಭಾರೀ ಆರಾಮ ಇತ್ತು.’

ಆ ಕಲೆಗಳಿಂದ ನನಗೆ ಕಣ್ಣು ಕೀಳಲಾಗಲಿಲ್ಲ. ಏಕೆಂದರೆ ಅದಕ್ಕೆ ಎರಡು ವರ್ಷ ಮೊದಲೇ, 2002ರಲ್ಲಿ, ಅಮೆರಿಕದ ಹ್ಯೂಸ್ಟನ್‌ನ ಬ್ರೂಸ್ ಮೋಸ್ಲಿ ಎಂಬ ಸರ್ಜನ್ ಮತ್ತು ಸಂಗಡಿಗರ ವಿಚಿತ್ರ ಪ್ರಯೋಗವೊಂದು ಪ್ರಕಟವಾಗಿತ್ತು. ಮಂಡಿ ಸವೆದ 180 ಜನ, ಮೂರು ಗುಂಪು. ಒಂದಕ್ಕೆ ಕೀಲು ತೊಳೆದರು. ಇನ್ನೊಂದಕ್ಕೆ ಕೆರೆದೂ ತೊಳೆದರು. ಮೂರನೆಯದಕ್ಕೆ ಏನೂ ಇಲ್ಲ! ಬರೀ ಮೂರು ಗೀರು. ಯಾರು ಯಾವ ಗುಂಪು ಎಂಬುದು ಮುಚ್ಚಿದ ಲಕೋಟೆಯಲ್ಲಿ. ಅದನ್ನು ಒಡೆಯುತ್ತಿದ್ದುದು ಆಪರೇಷನ್ ಥಿಯೇಟರಿನಲ್ಲಿ. ಸುಳ್ಳು ಆಪರೇಷನ್ನಿನವರ ಎದುರೂ ಸರ್ಜನ್ ಉಪಕರಣ ಕೇಳುತ್ತಿದ್ದರು, ಕಾಲು ಮಡಚುತ್ತಿದ್ದರು, ತೊಳೆಯುವ ಸದ್ದು ಬರಲೆಂದು ಉಪ್ಪುನೀರು ಚಿಮುಕಿಸುತ್ತಿದ್ದರು. ನಮ್ಮ ಯಕ್ಷಗಾನದವರೂ ಮೆಚ್ಚುವ ರಂಗಸಜ್ಜಿಕೆ! ರೋಗಿಗಳಿಗೆ ಮೋಸವಾಗಲಿಲ್ಲ: ‘ನನಗೆ ಸುಳ್ಳು ಆಪರೇಷನ್ ಆಗಬಹುದು’ ಎಂದು ಮೊದಲೇ ಕೈಬರಹದಲ್ಲಿ ಬರೆದುಕೊಟ್ಟಿದ್ದರು.

ಎರಡು ವರ್ಷದುದ್ದಕ್ಕೂ ಮೂರೂ ಗುಂಪಿನವರ ನೋವು, ನಡಿಗೆ ಹೆಚ್ಚುಕಡಿಮೆ ಒಂದೇ. ಒಬ್ಬನೇ ಸರ್ಜನ್, ಹೆಚ್ಚಿನವರು ಗಂಡಸರು ಎಂಬ ಆಕ್ಷೇಪ ಬಂತು, ನ್ಯಾಯವಾದದ್ದೇ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಿನ್ಲೆಂಡಿನವರು ಹರಿದ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಕತ್ತರಿಸುವ ಆಪರೇಷನ್ನಿಗೂ 146 ಜನರಲ್ಲಿ ಇದೇ ಪರೀಕ್ಷೆ ಇಟ್ಟಿದ್ದರು. ಒಂದು ವರ್ಷದ ಕೊನೆಗೆ ಅಲ್ಲೂ ಸುಳ್ಳಿಗೂ ನಿಜಕ್ಕೂ ಹೇಳುವಂಥ ಅಂತರವಿರಲಿಲ್ಲ. ಹಾಗಾದರೆ ದೊಡ್ಡಮ್ಮನ ‘ಭಾರೀ ಆರಾಮ’? ಅದು ಸುಳ್ಳಲ್ಲ. ನೀರಿನಿಂದ ಬಂದದ್ದೂ ಆಗಿರಲಿಕ್ಕಿಲ್ಲ.

ಮಂಡಿ ಬದಲಿಸುವ ಕಥೆ ಬೇರೆ. 1968ರಲ್ಲಿ ಕೆನಡಾದ ಫ್ರಾಂಕ್ ಗನ್‌ಸ್ಟನ್ ಇಂದಿನ ಮಾದರಿಗೆ ದಾರಿ ಮಾಡಿದರು. ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಜತೆ 1974ರ ‘ಟೋಟಲ್ ಕಾಂಡೈಲರ್’ ಮಂಡಿ ರೂಪಿಸಿದವರಲ್ಲಿ ನಮ್ಮ ಚಿತ್ತರಂಜನ್ ರಾಣಾವತ್ ಒಬ್ಬರು. 2000ದ ಅಕ್ಟೋಬರಿನಲ್ಲಿ ಇದೇ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಪ್ರಧಾನಿ ವಾಜಪೇಯಿ ಅವರ ಮಂಡಿ ಬದಲಿಸಿದವರೂ ಅವರೇ. 2017ರ ಆಗಸ್ಟಿನಲ್ಲಿ ಸರ್ಕಾರ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆಗೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು.

ಬದಲಿ ಮಂಡಿ ನಿಜಕ್ಕೂ ಕೆಲಸ ಮಾಡುತ್ತದೆಯೇ? 2015ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ 100 ಜನರಿಗೂ ಹನ್ನೆರಡು ವಾರ ವ್ಯಾಯಾಮ, ಪಥ್ಯ ಕಲಿಸಿ, ಅರ್ಧದಷ್ಟು ಜನರಿಗೆ ಮಾತ್ರ ಮಂಡಿಯನ್ನೂ ಬದಲಿಸಿದರು. ವರ್ಷದ ನಂತರ ಬದಲಿಸಿಕೊಂಡವರೇ ಹೆಚ್ಚು ಸುಧಾರಿಸಿದ್ದರು. ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚು. ಬರೀ ವ್ಯಾಯಾಮದವರಲ್ಲಿ ಆ ವರ್ಷ ಆಪರೇಷನ್‌ಗೆ ಹೋದವರು ನಾಲ್ಕರಲ್ಲೊಬ್ಬರು ಮಾತ್ರ. ಲಿಗಮೆಂಟ್ ಹರಿದ ಕಿರಿಯರದೂ ಇದೇ ಪಾಠ: ಸ್ವೀಡನ್ನಿನಲ್ಲಿ 121 ಜನರ ಅಧ್ಯಯನದಲ್ಲಿ ಮೊದಲು ವ್ಯಾಯಾಮ ಮಾಡಿ ಕಾದವರಲ್ಲಿ ಐದು ವರ್ಷ ಕಳೆದರೂ ಸುಮಾರು ಅರ್ಧದಷ್ಟು ಜನರಿಗೆ ಲಿಗಮೆಂಟ್ ಆಪರೇಷನ್ ಬೇಕಾಗಲಿಲ್ಲ.

ಇದನ್ನೆಲ್ಲ ಹೇಳಿದಾಗ ದೊಡ್ಡಮ್ಮ ನಕ್ಕರು. ‘ಹಾಗಾದರೆ ನನ್ನ ಮೊದಲಿನ ದುಡ್ಡು ನೀರಿಗೆ ಹೋಯ್ತು ಅನ್ನು.’ ಆಮೇಲೆ ಫೈಲು ತೆರೆದು, ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿದ್ದ ಮೂರು ಸಣ್ಣ ಸ್ಟಿಕ್ಕರ್ ತೋರಿಸಿದರು: ತೊಡೆಮೂಳೆಯ ಲೋಹದ ಟೋಪಿ, ಕೆಳಗಿನ ತಟ್ಟೆ, ನಡುವಿನ ಪಾಲಿಎಥಿಲೀನ್ ತುಂಡು. ಒಂದೊಂದಕ್ಕೂ ಅಳತೆ, ಲಾಟ್ ನಂಬರು.

ನಿಮ್ಮ ಮನೆಯ ಹಿರಿಯರಿಗೆ ಮಂಡಿ ಆಪರೇಷನ್ ಹೇಳಿದರೆ ಡಾಕ್ಟರಲ್ಲಿ ಎರಡು ಮಾತು ಕೇಳಿ: ತೊಳೆಯುವುದೋ, ಬದಲಿಸುವುದೋ? ವ್ಯಾಯಾಮ ಮಾಡಿ ನೋಡಲು ಸಮಯವಿದೆಯೋ? ಬದಲಿಸಿದ್ದೇ ಆದರೆ ಆ ಸ್ಟಿಕ್ಕರ್‌ಗಳನ್ನು ಜೋಪಾನವಾಗಿಡಿ. ಇಪ್ಪತ್ತು ವರ್ಷದ ಮೇಲೆ ಮತ್ತೆ ಮಂಡಿ ತೆರೆಯಬೇಕಾಗಿ ಬಂದರೆ ಒಳಗಿರುವುದು ಏನೆಂದು ಹೊಸ ಡಾಕ್ಟರಿಗೆ ಹೇಳುವುದು ಅವೇ.